ಒಂಬತ್ತನೆಯ ಷರತ್ತಿನ ಮಂಡೋದರಿ

ನಾನು ಒಂದು ತೊಗಲುಗೊಂಬೆ. ಅದಕ್ಕೂ ಮೊದಲು ಆಡಿನ ಚರ್ಮವಾಗಿದ್ದೆ. ತುಂಗಭದ್ರೆಯ ದಡದ ಒಂದು ಊರಿನಲ್ಲಿ ಗೊಂಬೆಯಾಟದ ಸುಂಕಪ್ಪ ಆ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಹದಮಾಡಿದ. ಉಳಿಯಿಂದ ಒಡವೆಗಳ ರಂಧ್ರಗಳನ್ನು ಕೊರೆದ. ಕಣ್ಣುಗಳನ್ನು ಕೊನೆಗೆ ತೆರೆದ. ನಾನು ಮಂಡೋದರಿಯಾದೆ. ಮೂವತ್ತೊಂದು ವರ್ಷ ನನಗಿದ್ದ ಕೆಲಸ ಒಂದೇ: ಪರದೆಯ ಮೇಲೆ ರಾವಣ ಬಿದ್ದಾಗ ಅವನ ಮೇಲೆ ಬಾಗಿ ಅಳುವುದು.

ಆ ಮನೆತನದಲ್ಲಿ ಗೊಂಬೆಗಳ ಪೆಟ್ಟಿಗೆ ಅಣ್ಣತಮ್ಮಂದಿರ ನಡುವೆ ವರ್ಷಕ್ಕೊಬ್ಬರಂತೆ ಸರದಿಯಲ್ಲಿ ತಿರುಗುತ್ತಿತ್ತು. ಯುಗಾದಿಯ ಬೆಳಿಗ್ಗೆ, ಯಾರೂ ಕೇಳದಿದ್ದರೂ, ಅದು ಮುಂದಿನವನ ಹೊಸ್ತಿಲು ಸೇರುತ್ತಿತ್ತು. ಸವೆದ ಗೊಂಬೆಯನ್ನು ಅರಿಸಿನ ಕುಂಕುಮವಿಟ್ಟು ಹೊಳೆಗೆ ಬಿಡುತ್ತಿದ್ದರು. ಅದು ನೀರು ಸೇರುವವರೆಗೆ ಅದೇ ಪಾತ್ರದ ಹೊಸ ಗೊಂಬೆಯನ್ನು ಕೊರೆಯುವಂತಿರಲಿಲ್ಲ.

ನನ್ನ ಎಡಗೈ ಮೂರನೆಯ ಬಾರಿ ಹರಿದಾಗ ಸುಂಕಪ್ಪ, "ಸಾಕವ್ವಾ, ದಣದಿ" ಎಂದ. ಅದೇ ವಾರ ಬೆಂಗಳೂರಿನ ಒಂದು ಕಲಾಸಂಘದವರು ಬಂದರು. ಅವರಿಗೆ ಹಳೆಯ ಗೊಂಬೆಯೇ ಬೇಕಿತ್ತು. ಒಪ್ಪಂದದ ಪ್ರಕಾರ ಮೂವರು ಸದಸ್ಯರು ಮೂರು ವರ್ಷ ನನ್ನ ಜಂಟಿ ಒಡೆಯರಾಗಿರುತ್ತಾರೆ. ವರ್ಷದಲ್ಲಿ ನಾಲ್ಕು ನಾಲ್ಕು ತಿಂಗಳು ನಾನು ಒಬ್ಬೊಬ್ಬರ ಮನೆಯಲ್ಲಿ ಇರಬೇಕು. ಸಂಘದ ವಕೀಲೆ ಶರ್ಮಿಳಾ ಬಲ್ಲಾಳ್ ಹದಿನಾಲ್ಕು ಷರತ್ತುಗಳನ್ನು ಓದಿ ಹೇಳಿದರು.

"ಇದೇನು ಹೊಸದು ಬಿಡ್ರಿ," ಎಂದು ಸುಂಕಪ್ಪ ನಕ್ಕ. "ನಮ್ಮ ಪೆಟ್ಟಿಗೀನೂ ಹಿಂಗಾ ತಿರಗತೈತಿ. ನಮಗ ಕಾಗದ ಇಲ್ಲ, ಅಷ್ಟಾ. ಒಂದು ಮಾತು ತಾಯಿ, ಕಡೀಗೆ ಈಕೀನ್ನ ನನ್ನ ಕೈಯಾರ ಹೊಳಿಗೆ ಬಿಡಬೇಕು."

"ಅದನ್ನ ಒಂಬತ್ತನೆಯ ಷರತ್ತಿಗೆ ಸೇರಿಸೋಣ, ಅಜ್ಜ," ಎಂದು ವಕೀಲೆ ಹಾಗೆಯೇ ಬರೆದರು: ಅವಧಿ ಮುಗಿದ ಮೇಲೆ ಕಲಾವಿದನು ಖುದ್ದಾಗಿ ಕೇಳಿದರೆ ಗೊಂಬೆಯನ್ನು ಅವನಿಗೆ ಒಪ್ಪಿಸತಕ್ಕದ್ದು; ಇಲ್ಲದಿದ್ದರೆ ಅದು ಒಡೆಯರಲ್ಲೇ ಉಳಿಯತಕ್ಕದ್ದು.

ಮಗಳು ಹುಲಿಗೆಮ್ಮ, "ಅಪ್ಪಾ, ಯಾವತ್ತಿಗೆ ಮುಗಿತೈತಿ ಕೇಳು" ಎಂದಳು.

"ಯುಗಾದಿಗೆ ಹೋದದ್ದು ಯುಗಾದಿಗೆ ಬರತೈತಿ. ಕೇಳೂದೇನೈತಿ?" ಎಂದು ಅವನು ಹೆಬ್ಬೆಟ್ಟು ಒತ್ತಿದ. ಅಂದು ಯುಗಾದಿಯ ಮರುದಿನ.

ಮೂರು ಮನೆಗಳಲ್ಲಿ ಮೂರು ಗೋಡೆಗಳನ್ನು ಕಂಡೆ. ನನ್ನ ಬೆನ್ನ ಹಿಂದೆ ಯಾರೂ ದೀಪ ಹಚ್ಚಲಿಲ್ಲ. ಮುಂದಿನಿಂದ ಬೆಳಕು ಬಿದ್ದರೆ ನಾನು ಕಂದು ಚರ್ಮ ಮಾತ್ರ. ಆರನೆಯ ಷರತ್ತು ತೇವವನ್ನು ನಿಷೇಧಿಸಿತ್ತು. ಆದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಪಾದದ ಬಳಿ ತೇವ ಹೀರುವ ಹರಳುಗಳ ಪೊಟ್ಟಣವೊಂದನ್ನು ಇಟ್ಟಿದ್ದರು.

ಮೂರನೆಯ ಯುಗಾದಿಯಂದು ಸುಂಕಪ್ಪ ನಾನಿದ್ದ ಮನೆಗೆ ಮಗಳೊಡನೆ ಬಂದ. ಕೆಮ್ಮು ಅವನನ್ನು ಅರ್ಧಕ್ಕೆ ಇಳಿಸಿತ್ತು. ಅಂಗಿಯ ಕಿಸೆಯಲ್ಲಿ ಅರಿಸಿನ ಕುಂಕುಮದ ಪೊಟ್ಟಣವಿತ್ತು. ವಕೀಲೆ ಕಾಗದ ಬಿಡಿಸಿದರು. ಮೂರನೆಯ ಸದಸ್ಯರು ಸಹಿ ಮಾಡಿದ್ದು ಐದು ತಿಂಗಳು ತಡವಾಗಿ. ಅವಧಿಯ ಎಣಿಕೆ ಕೊನೆಯ ಸಹಿಯಿಂದ.

"ಸಹಿ ತಡಾ ಮಾಡಿದ್ದು ಅವರು. ದಿನ ನನ್ನವು ಹೋದುವೇನ್ರಿ?" ಎಂದ ಸುಂಕಪ್ಪ.

ವಕೀಲೆ ಮನೆಯ ಒಡೆಯರತ್ತ ನೋಡಿದರು. "ಐದೇ ತಿಂಗಳಲ್ವಾ ಯಜಮಾನ್ರೇ? ಗೌರಿ ಹಬ್ಬ ಕಳೆದು ಬನ್ನಿ," ಎಂದರು ಆ ಒಡೆಯರು. ಸುಂಕಪ್ಪ ಗಾಜಿನ ಮೇಲೆ, ನನ್ನ ಹರಿದ ಕೈಯಿದ್ದಲ್ಲಿ, ಅಂಗೈ ಇಟ್ಟ. ಅವನು ಹೋದ ಮೇಲೆ ಆ ಗುರುತನ್ನು ಬಟ್ಟೆಯಿಂದ ಒರೆಸಿದರು.

ಹೇಳಿದ ದಿನ ಹುಲಿಗೆಮ್ಮ ಒಬ್ಬಳೇ ಬಂದಳು.

"ಅಪ್ಪ ಹೋಗಿ ಹತ್ತೊಂಬತ್ತು ದಿನ ಆತ್ರಿ. ಮನ್ಯಾಗ ಹೊಸ ಚರ್ಮ ಹದಾ ಆಗಿ ಕುಂತೈತಿ. ಈಕಿ ಹೊಳಿ ಸೇರದ ನಾ ಹೆಂಗ ಉಳಿ ಹಚ್ಚಲಿ?"

"ಖುದ್ದಾಗಿ ಅಂತ ಬರೆದವಳು ನಾನೇ, ಹುಲಿಗೆಮ್ಮ," ಎಂದು ವಕೀಲೆ ತಲೆ ತಗ್ಗಿಸಿದರು. "ವಾರಸುದಾರರನ್ನೂ ಸೇರಿಸಬೇಕಿತ್ತು. ಈಗ ಮೂವರೂ ಒಪ್ಪಬೇಕು."

ಮೂವರಲ್ಲಿ ಒಬ್ಬರೂ ಒಪ್ಪಲಿಲ್ಲ. ಮಾಡಿದ ಕೈಯೇ ಇಲ್ಲವಾದ ಮೇಲೆ ಇಂಥ ವಸ್ತುವನ್ನು ನೀರುಪಾಲು ಮಾಡುವುದು ಅಪರಾಧವೆಂದರು.

ಇದಾಗಿ ಏಳು ವರ್ಷ. ಆ ಊರಿನಲ್ಲಿ ಆಟ ಇನ್ನೂ ನಡೆಯುತ್ತಿದೆಯಂತೆ. ಹುಲಿಗೆಮ್ಮ ಕಟ್ಟಳೆ ಮುರಿದಿಲ್ಲ. ಅಲ್ಲಿ ರಾವಣ ಅಳುವವರಿಲ್ಲದೆ ಸಾಯುತ್ತಾನೆ. ನನ್ನ ಬಣ್ಣ ಮಾಸಿಲ್ಲ, ಅಂಚು ಸುರುಟಿಲ್ಲ. ಮೂರು ತಿಂಗಳಿಗೊಮ್ಮೆ ಹರಳಿನ ಪೊಟ್ಟಣವನ್ನು ಬದಲಿಸುತ್ತಾರೆ. ನನ್ನನ್ನು ನೀರಿನಿಂದ ಕಾಪಾಡುತ್ತಿದ್ದಾರೆ.