ಫ್ರಿಜ್ಜಿನ ವೈರು, ಹೀಟರಿನ ವೈರು

ಇನ್ವರ್ಟರ್ ಕೂರಿಸುವ ಅವನಿಗೆ ಟಿಕ್ಕಣ್ಣ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಮೀಟರು ಹಿಡಿದು ಅಳೆಯುವುದೆಲ್ಲ ಹೊಸಬರ ಕೆಲಸ, ತನ್ನದೇನಿದ್ದರೂ ಕಿವಿಯ ಪರೀಕ್ಷೆ ಎಂದು ಅವನೇ ಕೊಚ್ಚಿಕೊಂಡು ತಿರುಗುತ್ತಿದ್ದ. ಇನ್ವರ್ಟರಿನೊಳಗೆ ಆಕ್ಸ್ ಎಂದು ಬರೆದ ಪುಟ್ಟದೊಂದು ಟರ್ಮಿನಲ್ ಇರುತ್ತದೆ. ಬ್ಯಾಟರಿ ಇಷ್ಟಕ್ಕೆ ಇಳಿದರೆ ಈ ಲೈನನ್ನು ಕಡಿ ಎಂದು ಅದಕ್ಕೆ ಮೊದಲೇ ಹೇಳಿಡಬಹುದು. ಅದು ಪಕ್ಕದ ಸ್ವಿಚ್ಚಿಗೆ, ಅಂದರೆ ರಿಲೇಗೆ, ಸನ್ನೆ ಮಾಡುತ್ತದೆ, ರಿಲೇ ಟಿಕ್ ಎನ್ನುತ್ತದೆ, ಲೈನು ಕಡಿಯುತ್ತದೆ. ಬ್ಯಾಟರಿ ನಿಜವಾಗಿ ಇಳಿಯಲಿ ಎಂದು ಆರು ಗಂಟೆ ಕಾಯಲು ಯಾರಿಗೆ ಪುರುಸೊತ್ತು? ಆ ಅಂಕಿಯನ್ನೇ ಎರಡು ನಿಮಿಷ ಮೇಲಕ್ಕೇರಿಸಿದರೆ ಆಕ್ಸ್ ಮೋಸಹೋಗುತ್ತದೆ. ಟಿಕ್ ಕೇಳಿಸಿತೋ, ಟಿಕ್ಕಣ್ಣ ಪೆಟ್ಟಿಗೆಯ ಬಾಗಿಲ ಒಳಗೆ ‘ಪರೀಕ್ಷಿಸಿದೆ’ ಎಂಬ ಚೀಟಿ ಅಂಟಿಸಿ ಸಹಿ ಜಡಿಯುತ್ತಿದ್ದ.

ಆರೋಗ್ಯ ಕೇಂದ್ರದ ಕೆಲಸವನ್ನು ಅವನಿಗೆ ಕೊಡಿಸಿದ್ದು ಅತ್ತಿಗೆ. ಆಕೆ ಅಲ್ಲಿನ ನರ್ಸು, ಮಕ್ಕಳ ಲಸಿಕೆ ಇಡುವ ಫ್ರಿಜ್ಜಿನ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ಆಕೆಯ ಸೊಂಟದಲ್ಲೇ. ತಾಯಿ ಹೋದ ಮೇಲೆ ಹತ್ತು ವರ್ಷದ ಮೈದುನನನ್ನು ಮನೆಗೆ ಕರೆತಂದು, ಹೇನು ಹೆಕ್ಕಿ, ಮಗ್ಗಿ ಬಾಯಿಪಾಠ ಮಾಡಿಸಿ, ಮನುಷ್ಯನನ್ನಾಗಿ ಮಾಡಿದವಳೂ ಆಕೆಯೇ. ವ್ಯವಸ್ಥೆ ಸರಳವಾಗಿತ್ತು. ಕರೆಂಟು ಹೋಗಿ ಬ್ಯಾಟರಿ ಸೊರಗಿದರೆ ಕೈತೊಳೆಯುವ ನೀರಿನ ಹೀಟರ್ ಆರಬೇಕು, ಉಳಿದ ಶಕ್ತಿಯೆಲ್ಲ ಫ್ರಿಜ್ಜಿಗೆ ಹೋಗಬೇಕು.

ಮೊನ್ನೆ ಮಧ್ಯಾಹ್ನ ಹೋದ ಕರೆಂಟು ಬಂದಿದ್ದು ನಿನ್ನೆ ಬೆಳಗಿನ ಜಾವ. ಅತ್ತಿಗೆ ಬಂದು ನೋಡಿದರೆ ಫ್ರಿಜ್ ಗುಂಯ್ ಎಂದು ಓಡುತ್ತಲೇ ಇತ್ತು. ಒಳಗಿನ ತಾಪಮಾಪಕ ಮಾತ್ರ, ನಡುವೆ ಇಪ್ಪತ್ತು ಡಿಗ್ರಿ ಮುಟ್ಟಿತ್ತೆಂದು ತೋರಿಸುತ್ತಿತ್ತು. ಲಸಿಕೆಯೆಲ್ಲ ದಂಡ! ಮೂವತ್ತು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸು ಹೋದರು.

ಇಂದು ಮೇಲಧಿಕಾರಿ ಬಂದು ಕೂತಿದ್ದರು. “ಯಂತ್ರ ಓಡ್ತಾನೇ ಇತ್ತು ಅಂದ್ಮೇಲೆ ನೀವು ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿಲ್ಲ ಅಂತಲೇ ಅರ್ಥ,” ಎಂದರು. ಶಾಸ್ತ್ರಕ್ಕಿರಲಿ ಎಂದು ಇನ್ವರ್ಟರಿನವನಿಗೂ ಹೇಳಿಕಳಿಸಿದ್ದರು.

ಟಿಕ್ಕಣ್ಣ ಬ್ಯಾಟರಿ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದ. ರಿಲೇಯಿಂದ ಹೊರಟ ಕಪ್ಪು ವೈರನ್ನು ಬೆರಳಲ್ಲೇ ಹಿಡಿದು ಗೋಡೆಯವರೆಗೂ ಹೋದ. ಅದು ಹೀಟರಿನದಲ್ಲ, ಫ್ರಿಜ್ಜಿನದು! ಎರಡೂ ಕಪ್ಪು ವೈರುಗಳೇ, ಅಂದು ಅವಸರದಲ್ಲಿ ಅದಲುಬದಲಾಗಿದ್ದವು. ಟಿಕ್ ಎಂದಿದ್ದನ್ನು ಕೇಳಿದ್ದನೇ ಹೊರತು, ಆರಿದ್ದು ಯಾವುದು ಎಂದು ಎದ್ದುಹೋಗಿ ನೋಡಿರಲಿಲ್ಲ. ಬ್ಯಾಟರಿ ಸೊರಗಿದಾಗ ಆಕ್ಸ್ ತನಗೆ ಹೇಳಿಟ್ಟ ಮಾತು ಕೇಳಿ ಲಸಿಕೆಯ ಲೈನನ್ನೇ ಕಡಿದಿತ್ತು. ಕರೆಂಟು ಬಂದು ಬ್ಯಾಟರಿ ತುಂಬಿದೊಡನೆ ಏನೂ ಅರಿಯದಂತೆ ಮತ್ತೆ ಜೋಡಿಸಿತ್ತು.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಿದನೇ? ಎಲ್ಲಿಂದ! ಅತ್ತಿತ್ತ ನೋಡಿ, ಕೋಣೆಯ ಬಾಗಿಲು ಮುಂದೆ ಮಾಡಿ, ಸ್ಕ್ರೂಡ್ರೈವರ್ ತೆಗೆದ. ಐದೇ ನಿಮಿಷ. ಫ್ರಿಜ್ಜಿನ ವೈರು ಎಲ್ಲಿರಬೇಕಿತ್ತೋ ಅಲ್ಲಿ ಕೂತಿತು, ಹೀಟರಿನದು ರಿಲೇಗೆ ಹೋಯಿತು. ಕೈ ಎಷ್ಟು ಚುರುಕಾಗಿ ಓಡಿತೆಂದರೆ ಅವನಿಗೇ ಹೇಸಿಗೆಯಾಯಿತು.

ಹೊರಗೆ ಬಂದು, “ಎಲ್ಲಾ ಸರಿಯಾಗಿದೆ ಸಾರ್,” ಎಂದ.

“ನಾನು ಹೇಳ್ಲಿಲ್ವಾ ಸಾರ್? ನನ್ನ ಮೈದುನ ಮಾಡಿದ ಕೆಲಸ ಅದು. ತಪ್ಪು ನಂದೇ,” ಎಂದಳು ಅತ್ತಿಗೆ. ಆ ಮಾತಿಗೆ ಅವನ ಮೈಯೆಲ್ಲ ಹಿಡಿಯಷ್ಟಾಯಿತು.

ತಪ್ಪೊಪ್ಪಿಗೆ ಬರೆದುಕೊಡಿ, ಬೀಗದ ಕೈ ಒಪ್ಪಿಸಿ ಎಂದು ಅಧಿಕಾರಿ ಹೇಳಿದರು. ಅತ್ತಿಗೆ ಬೀಗದ ಕೈ ಬಿಚ್ಚಿ ಅವರ ಮುಂದಿಟ್ಟು, ಪಕ್ಕದ ಮೇಜಿಗೆ ಹೋಗಿ ಕೂತಳು. ಅರ್ಧ ಪುಟ ಬರೆದು, ಅವನನ್ನು ಹತ್ತಿರ ಕರೆದಳು.

“ಇಲ್ಲಿ ಏನು ಹಾಕ್ಲೋ? ಅಜಾಗರೂಕತೆ ಅಂತಲಾ, ಮರೆವು ಅಂತಲಾ?”

“ಮರೆವು ಅಂತಾನೇ ಹಾಕಿ,” ಎಂದುಬಿಟ್ಟ ಮಹಾರಾಯ. ಅದು ಸ್ವಲ್ಪ ಮೆತ್ತಗಿನ ಮಾತು ಎಂದು ಅವನ ಲೆಕ್ಕ. ಥೂ!

ಆಕೆ ಅದನ್ನೇ ಬರೆದಳು. ಪೆನ್ನು ನಿಲ್ಲಿಸಿ, ದನಿ ತಗ್ಗಿಸಿದಳು. “ಬಾಗಿಲು ಹಾಕಿ ಎರಡು ಸಲ ಎಳೆದು ನೋಡಿದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ ಕಣೋ. ಹಾಗಾದ್ರೆ ಅದೂ ಸುಳ್ಳು ನೆನಪೇನೋ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಕೊನೆಗೆ ನನ್ನೇ ಯಾರಮ್ಮಾ ನೀನು ಅಂತಿದ್ಲು. ನಿಮ್ಮಣ್ಣಂಗೆ ಹೇಳ್ಬೇಡ, ಗಾಬರಿ ಆಗ್ತಾರೆ.”

ಕೆಲಸ ಹೋದರೆ ಹೋಗಲಿ ಎನ್ನಬಹುದಿತ್ತು. ಈ ಹೆಂಗಸು ತನ್ನ ತಲೆಯನ್ನೇ ನಂಬದೆ ಕೂತಿದ್ದಳು, ಎಳ್ಳಷ್ಟೂ ತಪ್ಪಿಲ್ಲದೆ. ಟಿಕ್ಕಣ್ಣ ಅಧಿಕಾರಿಯ ಕಡೆ ತಿರುಗಿದ.

“ಸಾರ್, ಬಾಗಿಲು ಹಾಕಿತ್ತು. ತಪ್ಪು ನಂದು. ಫ್ರಿಜ್ಜಿನ ವೈರನ್ನ ನಾನೇ ರಿಲೇಗೆ ಕೊಟ್ಬಿಟ್ಟಿದ್ದೆ. ಸರಿಯಾಗಿ ಪರೀಕ್ಷೆ ಮಾಡದೇ ಸಹಿ ಹಾಕಿದ್ದೆ. ಈಗ ಒಳಗೆ ಹೋಗಿ ಬದಲಾಯಿಸಿಬಂದೆ,” ಎಂದ.

ಅಧಿಕಾರಿ ಬಾಯಿಗೆ ಬಂದಂತೆ ಬೈದರು. ಇನ್ನು ಮುಂದೆ ಯಾವ ಕೇಂದ್ರದ ಹೊಸ್ತಿಲನ್ನೂ ತುಳಿಯಬೇಡ ಎಂದರು. ಬೀಗದ ಕೈಯನ್ನು ಅತ್ತಿಗೆಯ ಕಡೆ ಸರಿಸಿ, ಮೇಲಿನವರಿಗೆ ಫೋನು ಮಾಡಲು ಹೊರಗೆ ಹೋದರು. ಬೈಗುಳ ಅವನಿಗೆ ನಾಟಲೇ ಇಲ್ಲ. ಅತ್ತಿಗೆ ಒಂದು ಮಾತಾದರೂ ಬೈಯಲಿ ಎಂದು ತಲೆ ತಗ್ಗಿಸಿ ಕಾದ.

ಆಕೆ ಬೀಗದ ಕೈ ಮುಟ್ಟಲಿಲ್ಲ.

“ನಾನು ಬರೀತಾ ಕೂತಿದ್ನಲ್ಲ, ಆಗ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಮ್ಮಮ್ಮನ ವಿಷಯ ಹೇಳೋವಾಗ್ಲೂ?”

ಅವನು ಹೌದೆಂದು ತಲೆಯಾಡಿಸಿದ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಅತ್ತಿಗೆ ಕಾಗದವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದಳು. ಕಣ್ಣೊರೆಸಿಕೊಂಡಳು.

“ಸಂಜೆ ಮನೆಗೆ ಬಾ,” ಎಂದಳು. “ಅಣ್ಣಂಗೆ ನೀನೇ ಹೇಳು. ನೀನು ಹಿಂಗೆ ಮಾಡ್ದೆ ಅಂತ ನಾನು ಹೇಳಿದ್ರೆ ಅವ್ರು ನಂಬಲ್ಲ.”