ಬರ್ತೀನಿ ಅಂದವರು

ಕಂಪ್ಯೂಟರಿನೊಳಗೆ ಕೂತು ಜನರೊಡನೆ ಮಾತಾಡುವ ಏಜೆಂಟಿಗೆ ವಿದ್ಯೆ ಕಲಿಸುವುದು ಅವನ ಕೆಲಸ. ಹಾಗಾಗಿ ಕಚೇರಿಗೆಲ್ಲ ಅವನು ಮೇಷ್ಟ್ರು. ಹಲ್ಲಿನ ಆಸ್ಪತ್ರೆಯೊಂದಕ್ಕೆಂದು ಅವನು ಕಲಿಸಿದ ಪಾಠ ಚಿಕ್ಕದು: ಫೋನಿನಲ್ಲಿ ರೋಗಿ ‘ಬರ್ತೀನಿ’ ಅಂದರೆ ಬರುತ್ತಾನೆ, ಜಾಗ ಕಾದಿರಿಸು.

ಮ್ಯಾನೇಜರಿಗೆ ಅದರ ಮೇಲೆ ಪ್ರಾಣ. “ಹೊಸದಾಗಿ ಯಾಕ್ರೀ ಕಲಿಸ್ಬೇಕು? ಅಣ್ಣನ ಅಂಗಿ ತಮ್ಮನಿಗೆ ಹಾಕಿ!” ಎಂದು ಅದನ್ನೇ ಹೋಟೆಲಿಗೆ, ಜಿಮ್ಮಿಗೆ, ಕೊನೆಗೆ ತಮ್ಮದೇ ಸಿಬ್ಬಂದಿ ವಿಭಾಗಕ್ಕೂ ತೊಡಿಸಿದರು. ತಮ್ಮನ ಅಳತೆ ನೋಡುವ ಚಟ ಅವರಿಗಿರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಸೋಮವಾರ ಬಿಡುಗಡೆ ಪತ್ರ ತೋರಿಸದಿದ್ದರೆ ಅದು ಕಂಡವರ ಪಾಲು. ಸಿಬ್ಬಂದಿ ವಿಭಾಗದ ಏಜೆಂಟಿನೆದುರು ಕೂತು ರಾಜೀನಾಮೆ ಹೇಳಿದ. ಅದು ವಿನಯದಿಂದ ಒಪ್ಪಿತು. ಏಳುವಾಗ ಇವನೂ ಮರ್ಯಾದೆ ಬಿಡದೆ, “ಸರಿ, ಬರ್ತೀನಿ” ಎಂದ.

“ತುಂಬಾ ಸಂತೋಷ! ರಾಜೀನಾಮೆ ರದ್ದಾಗಿದೆ. ನಾಳೆ ಸಿಗೋಣ.”

ಮತ್ತೆ ಕೂತ, ಮತ್ತೆ ಎದ್ದ. ಹುಟ್ಟಿದಾಗಿನಿಂದ ಪಳಗಿದ ನಾಲಿಗೆ, ಮಾತು ಕೇಳಬೇಕಲ್ಲ! “ಬರ್ತೀನಿ.” ಮತ್ತೆ ಸಂತೋಷ.

ಮ್ಯಾನೇಜರು ಬೆನ್ನು ತಟ್ಟಿದರು. “ಶಿಷ್ಯ ಅಂದ್ರೆ ಹೀಗಿರ್ಬೇಕು ಮೇಷ್ಟ್ರೇ. ಈ ವರ್ಷ ಒಬ್ಬರೂ ಕೆಲಸ ಬಿಟ್ಟಿಲ್ಲ, ಗೊತ್ತಾ?”

“ಅರ್ಧ ಕುರ್ಚಿ ಖಾಲಿ ಇವೆಯಲ್ಲ ಸಾರ್?”

“ಬರ್ತೀನಿ ಅಂದಿದ್ದಾರೆ ಕಣ್ರೀ.”

ಶುಕ್ರವಾರ ಸಂಜೆ ಮೇಷ್ಟ್ರು ಹಲ್ಲು ಕಚ್ಚಿದ. ಹೊಸ್ತಿಲಲ್ಲಿ ಆ ಅಪಶಕುನದ ಮಾತಾಡಿದರೆ ಅಮ್ಮ ‘ಬಿಡ್ತು ಅನ್ನು’ ಎಂದು ಗದರಿ, ವಾಪಸ್ ಕೂರಿಸಿ ನೀರು ಕುಡಿಸಿ ಕಳಿಸುತ್ತಿದ್ದಳು. ಆದರೂ ಆಡಿದ: “ಹೋಗ್ತೀನಿ! ಹೋದ ಅಂತ್ಲೇ ತಿಳ್ಕೋ!”

ಏಜೆಂಟಿಗೆ ಈ ಮಾತು ಹೊಸದು. ತನ್ನ ಬುತ್ತಿಯೆಲ್ಲ ತಡಕಿ, ಹಿಂದೆ ಜೀವವಿಮೆಯವರಿಗೆಂದು ಯಾರೋ ಕಲಿಸಿದ ಪಾಠವೊಂದನ್ನು ಎತ್ತಿಕೊಂಡಿತು: ‘ಹೋದ’ ಎಂದರೆ ಸಂತಾಪ ಹೇಳು, ಕಡತ ಮುಗಿಸು, ಮನೆಯವರಿಗೆ ತಿಳಿಸು. ಇನ್ನೊಬ್ಬ ಅಣ್ಣನ ಅಂಗಿ. ಇದು ಮಾತ್ರ ಹೇಳಿ ಹೊಲಿಸಿದಂತೆ ಕೂತಿತು. ಬಿಡುಗಡೆ ಪತ್ರ ಗರಗರನೆ ಹೊರಬಂತು. ಕಾರಣ: ಸ್ವರ್ಗಸ್ಥರು.

ಫೋನು ಬಡಿದುಕೊಂಡಿತು. ಹೆಂಡತಿ.

“ಏನ್ರೀ, ನೀವು ಹೋದ್ರಂತೆ? ನಿಮ್ಮಾತ್ಮಕ್ಕೆ ಶಾಂತಿ ಸಿಗಲಿ ಅಂತ ಆಫೀಸಿಂದ ಮೆಸೇಜ್ ಬಂದಿದೆ.”

“ಹೂಂ ಕಣೇ. ಅಂತೂ ಮುಕ್ತಿ ಸಿಕ್ತು.”

“ಸದ್ಯ! ಹಾಗಾದ್ರೆ ಬರ್ತಾ ಹಾಲು ತನ್ನಿ. ಬರ್ತೀರಿ ತಾನೇ?”

ಬಾಯಿ ತೆರೆದವನು ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದ ಏಜೆಂಟಿನ ಪರದೆಯನ್ನು ನೋಡಿದ. ಪತ್ರ ಜೇಬಿಗಿಳಿಸಿ, ತುಟಿ ಬಿಗಿದು, ಬೀದಿಗೆ ಬಿದ್ದ ಮೇಲೆಯೇ ಉತ್ತರ ಕೊಟ್ಟ.