ಸಂಗವ್ವನ ಪ್ರಶ್ನೆಗಳು

ನೆಹರು ನಗರದ ಖಾಸಗಿ ಆಸ್ಪತ್ರೆಯೊಂದಕ್ಕೆ ನರ್ಸುಗಳನ್ನು ಆರಿಸುವುದು ಪದ್ಮಶ್ರೀಯ ಕೆಲಸ. ಸಂದರ್ಶನದಲ್ಲಿ ಖಾನಾಪುರದ ಸಮೃದ್ಧಿ ಎಲ್ಲರ ಮೆಚ್ಚುಗೆ ಪಡೆದಿದ್ದಳು. ಆದರೆ ಮನೆಯಲ್ಲಿ ಎಳೆಗೂಸಿತ್ತು. ಸೇರುತ್ತೇನೆ ಎನ್ನಲು ಹಿಂಜರಿದಳು. ಮರುದಿನ ತನ್ನ ಅತ್ತೆ ಸಂಗವ್ವನನ್ನು ಕರೆದುಕೊಂಡು ಬಂದಳು. ಅತ್ತೆಯೇ ಬೇಡವೆಂದಿರಬೇಕು ಎಂದುಕೊಂಡಳು ಪದ್ಮಶ್ರೀ.

“ಬರ್ರಿ ಅವ್ವಾರ, ಕುಂದರ್ರಿ.”

ಸಂಗವ್ವ ಕೂತವಳೇ ಶುರುಮಾಡಿದಳು. “ರಾತ್ರಿ ಪಾಳಿ ಐತೇನ್ರಿ? ಊಟ ಎಲ್ಲಿ ಮಾಡ್ತಾರ? ಕೂಸಿಗೆ ಜ್ವರ ಬಂದ್ರ ರಜಾ ಕೊಡ್ತೀರೇನ್ರಿ?”

ದಿನವೂ ಪ್ರಶ್ನೆ ಕೇಳುವ ಪದ್ಮಶ್ರೀ ಅಂದು ಉತ್ತರ ಕೊಡುತ್ತ ಕೂತಳು. ನರ್ಸುಗಳ ಮುಖ್ಯಸ್ಥೆಗೆ ಅಲ್ಲಿಂದಲೇ ಫೋನ್ ಮಾಡಿ, ಕೂಸು ತುಸು ದೊಡ್ಡದಾಗುವವರೆಗೆ ಹಗಲು ಪಾಳಿಯನ್ನೇ ಕೊಡಲು ಒಪ್ಪಿಸಿದಳು.

ಸಂಗವ್ವ ಸೊಸೆಯತ್ತ ತಿರುಗಿದಳು. “ಕೇಳಿದೇನ? ಕೂಸಿನ್ನ ನಾ ನೋಡ್ಕೋತೀನಿ. ಇಷ್ಟು ಕಲ್ತು ಮನ್ಯಾಗ ಕುಂತು ಏನ್ ಮಾಡ್ತಿ?”

“ಸೋಮವಾರದಿಂದ ಬರ್ತೀನ್ರಿ ಮೇಡಂ,” ಎಂದಳು ಸಮೃದ್ಧಿ. ಅವಳ ಮುಖ ಅರಳಿತ್ತು.

ಬಾಗಿಲವರೆಗೆ ಹೋದ ಸಂಗವ್ವ ನಿಂತು ಕೇಳಿದಳು, “ನಿಮ್ಗೂ ಮಕ್ಕಳದಾರೇನ್ರಿ?”

“ಇಬ್ಬರದಾರ್ರಿ.”

“ಮತ್ತ ಈಗ ಯಾರು ನೋಡ್ಕೊಳ್ಳಾಕತ್ತಾರ?”

“ನಮ್ಮ ಅತ್ತಿಯವರ್ರಿ,” ಎಂದು ಪದ್ಮಶ್ರೀ ನಕ್ಕಳು. ಆ ಸಂಜೆ ಅನಗೋಳದ ತನ್ನ ಮನೆಗೆ ಹೋಗುವಾಗ ಮಿಠಾಯಿ ಅಂಗಡಿಯಲ್ಲಿ ಅತ್ತೆಗೆಂದು ಕುಂದಾ ಕಟ್ಟಿಸಿಕೊಂಡಳು.